ಎರಡು ಅನುಬಂಧನಗಳು, ಒಂದೇ ತಿರಸ್ಕಾರ: ಭಾಷಾಕಲಿಕೆಯ ಚರ್ಚೆಯಲ್ಲಿ ಪಾವ್ಲೋವ್ ಮತ್ತು ಸ್ಕಿನ್ನರ್

ಭಾಷಾವಿಜ್ಞಾನದ ತರಗತಿಗಳಲ್ಲಿ ವರ್ತನಾವಾದದ ಪಾಠ ಸಾಮಾನ್ಯವಾಗಿ ಒಂದೇ ತಾಸಿನಲ್ಲಿ ಮುಗಿದುಹೋಗುತ್ತದೆ. ಪಾವ್ಲೋವ್ ಅವರ ನಾಯಿ ಗಂಟೆಯ ಸದ್ದಿಗೆ ಜೊಲ್ಲು ಸುರಿಸುತ್ತದೆ. ಅದರ ಬೆನ್ನಿಗೇ ಸ್ಕಿನ್ನರ್ ಅವರ ಪೆಟ್ಟಿಗೆಯೊಳಗಿನ ಇಲಿ ಲಿವರನ್ನು ಒತ್ತಿ ಆಹಾರ ಪಡೆಯುತ್ತದೆ. ಎರಡನ್ನೂ 'ಪ್ರಚೋದನೆ–ಪ್ರತಿಕ್ರಿಯೆ ಸಿದ್ಧಾಂತ' ಎಂಬ ಒಂದೇ ಗಂಟಿನಲ್ಲಿ ಕಟ್ಟಿ, ಚಾಮ್‌ಸ್ಕಿ ಅವರ 1959ರ ವಿಮರ್ಶೆಯನ್ನು ಉಲ್ಲೇಖಿಸಿ, ಗಂಟನ್ನು ಬದಿಗಿರಿಸಲಾಗುತ್ತದೆ. ಆ ವಿಮರ್ಶೆಯ ಮುಖ್ಯ ನಿರ್ಣಯಗಳನ್ನು ಪ್ರಶ್ನಿಸುವುದು ನಮ್ಮ ಉದ್ದೇಶವಲ್ಲ. ನಮ್ಮ ಆಕ್ಷೇಪವಿರುವುದು ಗಂಟು ಕಟ್ಟಿದ ಬಗೆಗೆ. ಶಾಸ್ತ್ರೀಯ ಅನುಬಂಧನ ಮತ್ತು ಕ್ರಿಯಾಜನ್ಯ ಅನುಬಂಧನಗಳು ಭಾಷೆಯ ಕಲಿಕೆಯ ಬಗ್ಗೆ ಎರಡು ಬೇರೆ ಬೇರೆ ಊಹೆಗಳನ್ನು ಮಾಡುತ್ತವೆ. ಒಂದಕ್ಕೆ ಎದುರಾಗಿ ನಿಲ್ಲುವ ಸಾಕ್ಷ್ಯ ಇನ್ನೊಂದನ್ನು ಮುಟ್ಟದೆಯೂ ಇರಬಹುದು. ಇದನ್ನು ಮರೆತ ಕಾರಣದಿಂದ ಇತ್ತೀಚಿನ ದಶಕಗಳ ಭಾಷಾಗಳಿಕೆಯ ಸಂಶೋಧನೆಯನ್ನು ಓದುವಾಗಲೂ ನಾವು ಎಡವುತ್ತಿದ್ದೇವೆ ಎಂಬುದು ಈ ಲೇಖನದ ವಾದ.

ಒಂದು ಪದದಿಂದಲೇ ಆರಂಭಿಸಬಹುದು. 'ಹುಣಸೆಹಣ್ಣು' ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮಲ್ಲಿ ಹಲವರ ಬಾಯಲ್ಲಿ ನೀರೂರುತ್ತದೆ. ಇಲ್ಲಿ ಸಂಬಂಧ ಏರ್ಪಟ್ಟಿರುವುದು ಹುಳಿಯ ರುಚಿಗೂ ಪದದ ಧ್ವನಿಗೂ ನಡುವೆ. ಕೇಳಿದವರು ಏನನ್ನೂ ಮಾಡಿಲ್ಲ. ನೀರೂರಿದ್ದರಿಂದ ಅವರಿಗೆ ಹಣ್ಣೇನೂ ಸಿಗುವುದಿಲ್ಲ. ಅದೇ ವ್ಯಕ್ತಿ ಅಂಗಡಿಯ ಮುಂದೆ ನಿಂತು 'ಹುಣಸೆಹಣ್ಣು' ಎಂದರೆ ಪೊಟ್ಟಣ ಕೈಗೆ ಬರುತ್ತದೆ. ಇಲ್ಲಿ ಸಂಬಂಧವಿರುವುದು ಆಡಿದ ಮಾತಿಗೂ ಅದರ ಫಲಕ್ಕೂ ನಡುವೆ. ಮೊದಲನೆಯದರಲ್ಲಿ ಪದವು ಮುಂದೆ ಬರಲಿರುವ ಒಂದು ಸಂಗತಿಯ ಸೂಚನೆ. ಎರಡನೆಯದರಲ್ಲಿ ಅದು ಜಗತ್ತನ್ನು ತುಸು ಬದಲಿಸುವ ಕೆಲಸ. ಪ್ರಯೋಗಶಾಲೆಯ ಭಾಷೆಯಲ್ಲಿ ಹೇಳುವುದಾದರೆ, ಶಾಸ್ತ್ರೀಯ ಅನುಬಂಧನದಲ್ಲಿ ಪ್ರಾಣಿ ಏನು ಮಾಡಿದರೂ ಮಾಡದಿದ್ದರೂ ಪ್ರಚೋದಕಗಳು ನಿಗದಿಯಾದ ಕ್ರಮದಲ್ಲಿ ಬರುತ್ತವೆ. ಕ್ರಿಯಾಜನ್ಯ ಅನುಬಂಧನದಲ್ಲಿ ಪ್ರಾಣಿ ಮಾಡಿದರಷ್ಟೇ ಫಲ.

ಈ ವ್ಯತ್ಯಾಸವನ್ನು ಕನ್ನಡದ ಪಾರಿಭಾಷಿಕ ಪದಗಳು ಇನ್ನಷ್ಟು ಮಸುಕಾಗಿಸಿವೆ. 'ಪ್ರತಿಕ್ರಿಯೆ' ಎಂಬ ಪದದಲ್ಲಿರುವ 'ಪ್ರತಿ' ಎಂಬ ಉಪಸರ್ಗವೇ ಮೊದಲು ಏನೋ ಒಂದು ನಡೆದಿರಬೇಕೆಂದು ಸಾರುತ್ತದೆ. ಜೊಲ್ಲಿಗೆ ಅದು ಸರಿ. ಲಿವರ್ ಒತ್ತುವುದಕ್ಕೆ ಸರಿಯಲ್ಲ; ಅದನ್ನು ಹೊರಸೆಳೆದ ಪ್ರಚೋದಕ ಯಾವುದೆಂದು ತೋರಿಸಲಾಗದು ಎಂಬುದೇ ಸ್ಕಿನ್ನರ್ ಅವರ ಪ್ರತಿಪಾದನೆಯ ತಿರುಳು. ಅದನ್ನು 'ಕ್ರಿಯೆ' ಎಂದೇ ಕರೆದಿದ್ದರೆ ಅರ್ಧ ಗೊಂದಲ ತಪ್ಪುತ್ತಿತ್ತು. ಇಂಗ್ಲಿಷಿನಲ್ಲಿಯೂ ಈ ದೋಷವಿದೆ, ಆದರೆ ಅಲ್ಲಿ ಪದದ ವ್ಯುತ್ಪತ್ತಿ ಓದುಗರ ಕಣ್ಣಿಗೆ ಇಷ್ಟು ಬಿಚ್ಚಾಗಿ ಕಾಣುವುದಿಲ್ಲ. 'ಶಾಸ್ತ್ರೀಯ' ಎಂಬುದೂ ಅಷ್ಟೇ: ಮೂಲದಲ್ಲಿ 'ಮೊದಲು ನೆಲೆಗೊಂಡ' ಎಂಬುದಕ್ಕಿಂತ ಹೆಚ್ಚಿನ ಅರ್ಥ ಆ ವಿಶೇಷಣಕ್ಕಿಲ್ಲ. ಇನ್ನು ಪಾಣಿನೀಯವನ್ನು ಓದಿದವರಿಗೆ 'ಅನುಬಂಧ' ಎಂದರೆ ಪ್ರತ್ಯಯಕ್ಕೆ ಅಂಟಿಕೊಂಡು ಬಂದು, ತನ್ನ ಸೂಚನೆಯ ಕೆಲಸ ಮುಗಿದ ಮೇಲೆ ಲೋಪವಾಗುವ ಅಕ್ಷರ. ಮನೋವಿಜ್ಞಾನದ ಅನುವಾದಕರು ಅದನ್ನು ನೆನೆದು ಈ ಪದವನ್ನು ಆರಿಸಿರಲಾರರು; ಆದರೂ ಸೂಚಕವೊಂದರ ಕಲ್ಪನೆ ಎರಡೂ ಕಡೆ ಇರುವುದು ಸೋಜಿಗ.

ಪಠ್ಯಗಳಲ್ಲಿ ಎರಡರ ಅಂತರವನ್ನು ಹೇಳುವಾಗ ಬಳಸುವ ಸೂತ್ರವೊಂದಿದೆ: ಶಾಸ್ತ್ರೀಯ ಅನುಬಂಧನ ಅನೈಚ್ಛಿಕ ಕ್ರಿಯೆಗಳಿಗೆ, ಕ್ರಿಯಾಜನ್ಯ ಅನುಬಂಧನ ಐಚ್ಛಿಕ ಕ್ರಿಯೆಗಳಿಗೆ. ಈ ಸೂತ್ರ ನಿಲ್ಲುವುದಿಲ್ಲ. ಪೋಲೆಂಡಿನ ಕೊನೋರ್‌ಸ್ಕಿ ಮತ್ತು ಮಿಲ್ಲರ್ 1928ರಲ್ಲಿ ನಾಯಿಯ ಕಾಲೆತ್ತುವ ಚಲನೆಯನ್ನು ಆಧರಿಸಿ ಪಾವ್ಲೋವ್ ಅವರದಕ್ಕಿಂತ ಬೇರೆಯಾದ ಅನುಬಂಧನದ ಬಗೆಯೊಂದನ್ನು ಗುರುತಿಸಿದರು. ಸ್ಕಿನ್ನರ್ 1935ರಲ್ಲಿ ಎರಡು ಬಗೆಗಳನ್ನು ಬೇರ್ಪಡಿಸಿ, 1937ರಲ್ಲಿ ಆ ಇಬ್ಬರಿಗೆ ಉತ್ತರಿಸುತ್ತ ಇಂದು ಬಳಕೆಯಲ್ಲಿರುವ ಹೆಸರನ್ನು ಮುಂದಿಟ್ಟರು. ಈ ವಾಗ್ವಾದದಲ್ಲಿ ಮುಖ್ಯವಾಗಿದ್ದುದು ಸ್ನಾಯುವಿನ ಜಾತಿಯಲ್ಲ, ಸಂಬಂಧದ ಸ್ವರೂಪ. 1968ರಲ್ಲಿ ಬ್ರೌನ್ ಮತ್ತು ಜೆಂಕಿನ್ಸ್ ನಡೆಸಿದ ಪ್ರಯೋಗ ಇದನ್ನು ಸ್ಪಷ್ಟಪಡಿಸಿತು. ಗುಂಡಿಯೊಂದು ಬೆಳಗುತ್ತದೆ, ಬಳಿಕ ಪಾರಿವಾಳಕ್ಕೆ ಕಾಳು ಬರುತ್ತದೆ. ಕುಕ್ಕಬೇಕಾದ ಅಗತ್ಯವೇನೂ ಇಲ್ಲ. ಆದರೂ ಪಾರಿವಾಳಗಳು ಗುಂಡಿಯನ್ನು ಕುಕ್ಕತೊಡಗಿದವು. ಮರುವರ್ಷ ಡೇವಿಡ್ ವಿಲಿಯಮ್ಸ್ ಮತ್ತು ಹ್ಯಾರಿಯೆಟ್ ವಿಲಿಯಮ್ಸ್, ಕುಕ್ಕಿದರೆ ಆ ಸಲದ ಕಾಳು ತಪ್ಪುವಂತೆ ಏರ್ಪಡಿಸಿದರು. ಪಾರಿವಾಳಗಳು ಕಾಳು ಕಳೆದುಕೊಂಡೂ ಕುಕ್ಕುತ್ತ ಹೋದವು. ಕ್ರಿಯಾಜನ್ಯ ಅನುಬಂಧನಕ್ಕೆ ಮಾದರಿಯೆನಿಸಿದ್ದ ಚಲನೆಯೇ ಶಾಸ್ತ್ರೀಯ ಸಂಬಂಧದ ಹಿಡಿತದಲ್ಲಿತ್ತು. ಕೇಳುವುದು ನಿಷ್ಕ್ರಿಯ, ಆದ್ದರಿಂದ ಶಾಸ್ತ್ರೀಯ. ಮಾತಾಡುವುದು ಐಚ್ಛಿಕ, ಆದ್ದರಿಂದ ಕ್ರಿಯಾಜನ್ಯ ಎಂದು ಭಾಷೆಗೆ ಈ ಸೂತ್ರವನ್ನು ಅನ್ವಯಿಸುವವರು ಈ ಪಾರಿವಾಳಗಳನ್ನು ನೆನೆಯಬೇಕು.

ಭಾಷಾವಿಜ್ಞಾನದೊಳಗೆ ಎರಡೂ ಎಳೆಗಳು ಮೊದಲಿಗೆ ಹೆಣೆದುಕೊಂಡೇ ಬಂದವು. ಬ್ಲೂಮ್‌ಫೀಲ್ಡ್ ಅವರ 1933ರ ಗ್ರಂಥದಲ್ಲಿ ಜ್ಯಾಕ್ ಮತ್ತು ಜಿಲ್ ಅವರ ಸೇಬಿನ ಪ್ರಸಂಗ ಎಲ್ಲರಿಗೂ ಗೊತ್ತು. ಅದಕ್ಕಿಂತ ಗಮನಾರ್ಹವಾದುದು ಅದೇ ಅಧ್ಯಾಯದಲ್ಲಿ ಮಗು ಮಾತು ಕಲಿಯುವ ಐದು ಹಂತಗಳ ವಿವರಣೆ. ಅಲ್ಲಿ ತಾಯಿ ಬೊಂಬೆಯನ್ನು ತೋರಿಸುತ್ತ ಅದರ ಹೆಸರು ಹೇಳುವಾಗ ಬೊಂಬೆಯ ನೋಟವೂ ಪದದ ಧ್ವನಿಯೂ ಮತ್ತೆ ಮತ್ತೆ ಒಟ್ಟಿಗೆ ಬಂದು ಅಭ್ಯಾಸವಾಗುತ್ತದೆ. ಇದು ಮೂರನೆಯ ಹಂತ. ಐದನೆಯದರಲ್ಲಿ ಮಗುವಿನ ಉಚ್ಚಾರ ತನ್ನ ಫಲಗಳಿಂದ ತಿದ್ದಿಕೊಳ್ಳುತ್ತದೆ: ಚೆನ್ನಾಗಿ ಆಡಿದಾಗ ಬೊಂಬೆ ಸಿಗುತ್ತದೆ, ತೊದಲಿದಾಗ ಸಿಗುವುದಿಲ್ಲ. ಮೂರನೆಯದು ಪಾವ್ಲೋವ್ ಅವರ ದಾರಿ, ಐದನೆಯದು ಥಾರ್ನ್‌ಡೈಕ್ ಅವರದು. ಎರಡಕ್ಕೂ ಬೇರೆ ಬೇರೆ ಹೆಸರುಗಳು ರೂಢಿಗೆ ಬರುವ ಮೊದಲೇ ಬ್ಲೂಮ್‌ಫೀಲ್ಡ್ ಅವುಗಳನ್ನು ಬೇರೆ ಬೇರೆ ಹಂತಗಳಲ್ಲಿ ಇರಿಸಿದ್ದರು. ಅವರ ನಂತರದವರು ಈ ವಿವೇಕವನ್ನು ಉಳಿಸಿಕೊಳ್ಳಲಿಲ್ಲ.

ಸ್ಕಿನ್ನರ್ ಅವರ 'ವರ್ಬಲ್ ಬಿಹೇವಿಯರ್' 1957ರಲ್ಲಿ ಪ್ರಕಟವಾಯಿತು. ಇತರ ವ್ಯಕ್ತಿಗಳ ಮಧ್ಯಸ್ಥಿಕೆಯಿಂದ ಪುನರ್ಬಲನ ಪಡೆಯುವ ವರ್ತನೆಯೇ ವಾಗ್ವರ್ತನೆ ಎಂಬುದು ಅಲ್ಲಿನ ವ್ಯಾಖ್ಯೆ. ಆಡುಗರ ಮಾತನ್ನು ಅವರು ಕ್ರಿಯಾಜನ್ಯವೆಂದೇ ತಿಳಿದರು. ಕೇಳುಗರಲ್ಲಿ ಏಳುವ ಭಾವಾವೇಗಗಳಂಥವಕ್ಕೆ ಮಾತ್ರ ಶಾಸ್ತ್ರೀಯ ಅನುಬಂಧನದ ನೆರವು ಪಡೆದರು. ಅವರ ವರ್ಗೀಕರಣದಲ್ಲಿ ನಮಗೆ ಇಂದಿಗೂ ಉಪಯುಕ್ತವೆನಿಸುವುದು ಮ್ಯಾಂಡ್ ಮತ್ತು ಟ್ಯಾಕ್ಟ್ ಎಂಬ ವಿಭಾಗ. ಬಾಯಾರಿದ ಮಗು 'ನೀರು' ಎಂದರೆ ಅದು ಮ್ಯಾಂಡ್. ಕೆರೆ ಕಂಡು 'ನೀರು' ಎಂದರೆ ಟ್ಯಾಕ್ಟ್. ರೂಪ ಒಂದೇ, ಆದರೆ ಫಲಗಳು ಬೇರೆ. ಆದ್ದರಿಂದ ಒಂದನ್ನು ಕಲಿತ ಮಗು ಇನ್ನೊಂದನ್ನೂ ಕಲಿತಿದೆ ಎನ್ನುವಂತಿಲ್ಲ. ಕನ್ನಡದಲ್ಲಿ 'ಬೇಕು, ಬೇಡ, ಸಾಕು' ಎಂಬ, ಪುರುಷ-ವಚನಗಳನ್ನು ಹೊರದ ಕ್ರಿಯಾರೂಪಗಳು ಮ್ಯಾಂಡಿಗಾಗಿಯೇ ಸಿದ್ಧವಾಗಿರುವಂತೆ ಕಾಣುತ್ತವೆ. ಆದರೆ 'ಅಪ್ಪನಿಗೆ ಕಾಫಿ ಬೇಕು' ಎಂದು ಮಗು ವರದಿ ಮಾಡಿದ ಕೂಡಲೇ ಈ ಅಚ್ಚುಕಟ್ಟು ಕದಡುತ್ತದೆ.

ಚಾಮ್‌ಸ್ಕಿ ಅವರ ವಿಮರ್ಶೆ 'ಲ್ಯಾಂಗ್ವೇಜ್' ಪತ್ರಿಕೆಯಲ್ಲಿ ಬಂದಿತು. ಅದನ್ನು ನೇರವಾಗಿ ಓದಿದವರಿಗಿಂತ ಉಲ್ಲೇಖಿಸಿದವರು ಹೆಚ್ಚು ಎಂಬ ಅನುಮಾನ ನಮಗಿದೆ. ಏಕೆಂದರೆ ಎರಡು ಬಗೆಯ ಅನುಬಂಧನಗಳ ಭೇದವನ್ನು ಅವರು ಆರಂಭದಲ್ಲಿಯೇ ಸರಿಯಾಗಿ ವಿವರಿಸಿದ್ದಾರೆ. ಗಂಟು ಕಟ್ಟಿದವರು ಅವರಲ್ಲ. ಅವರ ಮುಖ್ಯ ಆಕ್ಷೇಪ ಬೇರೆಯದು: ಪ್ರಚೋದನೆ, ಪುನರ್ಬಲನ ಮೊದಲಾದ ಪದಗಳಿಗೆ ಪ್ರಯೋಗಶಾಲೆಯಲ್ಲಿ ಇರುವ ಖಚಿತಾರ್ಥ, ಅವುಗಳನ್ನು ದೈನಂದಿನ ಮಾತಿಗೆ ಎಳೆತಂದಾಗ ಉಳಿಯುವುದಿಲ್ಲ. ಚಿತ್ರವೊಂದನ್ನು ನೋಡಿ ಒಬ್ಬರು 'ಡಚ್' ಎಂದರೆ ಚಿತ್ರದ ಯಾವುದೋ ಸೂಕ್ಷ್ಮ ಗುಣದ ನಿಯಂತ್ರಣ ಎನ್ನುತ್ತಾರೆ ಸ್ಕಿನ್ನರ್. ಅದೇ ಚಿತ್ರವನ್ನು ನೋಡಿ ಗೋಡೆಯ ಬಣ್ಣದ ಬಗ್ಗೆಯೋ ಹಿಂದಿನ ಬೇಸಿಗೆಯ ಪ್ರವಾಸದ ಬಗ್ಗೆಯೋ ಮಾತಾಡಿದರೆ ಅದಕ್ಕೂ ಒಂದೊಂದು ಗುಣವನ್ನು ಮಾತು ಕೇಳಿದ ಮೇಲೆ ಹುಡುಕಬೇಕಾಗುತ್ತದೆ, ಹಾಗಾದರೆ ಇದು ವಿವರಣೆಯಲ್ಲ ಎನ್ನುತ್ತಾರೆ ಚಾಮ್‌ಸ್ಕಿ. ಈ ವಾದಕ್ಕೆ ಸಮಾಧಾನಕರ ಉತ್ತರ ಬಂದಿಲ್ಲವೆಂದೇ ನಮ್ಮ ಅಭಿಪ್ರಾಯ. ಮ್ಯಾಕ್‌ಕಾರ್ಕ್‌ಡೇಲ್ 1970ರಲ್ಲಿ ಬರೆದ ದೀರ್ಘ ಪ್ರತ್ಯುತ್ತರ, ಚಾಮ್‌ಸ್ಕಿ ಖಂಡಿಸಿದ್ದು ಸ್ಕಿನ್ನರ್ ಅವರನ್ನಲ್ಲ, ಹಲವು ವರ್ತನಾವಾದಗಳ ಕಲಸುಮೇಲೋಗರವನ್ನು ಎಂದು ತೋರಿಸುವಲ್ಲಿ ಗೆದ್ದಿದೆ. ಮೇಲಿನ ಆಕ್ಷೇಪಕ್ಕೆ ಮಾತ್ರ ಅದು ಭರವಸೆಯನ್ನಷ್ಟೇ ನೀಡುತ್ತದೆ.

ಗಮನಿಸಬೇಕಾದ ಸಂಗತಿ ಇದು: ಈ ಇಡೀ ಜಗಳ ನಡೆದದ್ದು ಮುಖ್ಯವಾಗಿ ಕ್ರಿಯಾಜನ್ಯ ಎಳೆಯ ಸುತ್ತ. ಅದೇ ದಶಕದಲ್ಲಿ ಶಾಸ್ತ್ರೀಯ ಎಳೆಯನ್ನು ಹಿಡಿದು ಅರ್ಥದ ಸಿದ್ಧಾಂತ ಕಟ್ಟಲು ಹೊರಟವರು ಬೇರೆಯವರು. ಮೌರರ್ 1954ರಲ್ಲಿ, ವಾಕ್ಯವೆಂಬುದೇ ಒಂದು ಅನುಬಂಧನದ ಸಾಧನ ಎಂದರು. 'ಟಾಮ್ ಕಳ್ಳ' ಎಂಬ ವಾಕ್ಯದಲ್ಲಿ 'ಕಳ್ಳ' ಎಂಬ ಪದ ಎಬ್ಬಿಸುವ ಒಳಪ್ರತಿಕ್ರಿಯೆ 'ಟಾಮ್' ಎಂಬ ಹೆಸರಿಗೆ ವರ್ಗವಾಗುತ್ತದೆ, ಮುಂದೆ ಟಾಮನನ್ನೇ ಕಂಡಾಗಲೂ ಅದು ಏಳುತ್ತದೆ ಎಂಬುದು ಅವರ ವಿವರಣೆ. ಸ್ಟಾಟ್ಸ್ ದಂಪತಿಗಳು 1958ರಲ್ಲಿ, ದೇಶಸೂಚಕ ಹೆಸರುಗಳನ್ನು ಹಿತವಾದ ಅಥವಾ ಅಹಿತವಾದ ಪದಗಳೊಡನೆ ಜೋಡಿಸಿದರೆ ಆ ಹೆಸರುಗಳ ಬಗೆಗಿನ ಮನೋಭಾವ ಬದಲಾಗುತ್ತದೆಂದು ವರದಿ ಮಾಡಿದರು. ಅವರು ಬಳಸಿದ ಹೆಸರುಗಳಲ್ಲಿ 'ಡಚ್' ಕೂಡ ಒಂದು! ಸ್ಕಿನ್ನರ್ ಅವರ 'ಡಚ್' ಆಡುವವರ ಬಾಯಲ್ಲಿದೆ, ಸ್ಟಾಟ್ಸ್ ಅವರದು ಗ್ರಹಿಸುವವರ ಮನಸ್ಸಿನಲ್ಲಿ.

ಮೌರರ್ ಅವರ ಸಿದ್ಧಾಂತದ ಮಿತಿಯನ್ನು ಕಾಣಲು ಕನ್ನಡಕ್ಕಿಂತ ಒಳ್ಳೆಯ ಪರೀಕ್ಷಾಸ್ಥಳ ಸಿಗಲಾರದು. ಇಂಗ್ಲಿಷಿನಲ್ಲಿ ಎರಡು ನಾಮಪದಗಳ ನಡುವೆ ಒಂದು ಕ್ರಿಯಾಪದ ಕಾವಲಿದೆ. ನಮ್ಮಲ್ಲಿ 'ರಾಮ ಕಳ್ಳ' ಎಂಬಲ್ಲಿ ಎರಡು ನಾಮಪದಗಳು ಪಕ್ಕಪಕ್ಕದಲ್ಲಿ ನಿಂತರೆ ಸಾಕು, ವಾಕ್ಯವಾಯಿತು. ಜೋಡಣೆಯೇ ವಿಧೇಯತೆ ಎಂಬುದಕ್ಕೆ ಇದಕ್ಕಿಂತ ಅನುಕೂಲವಾದ ಭಾಷೆ ಯಾವುದು? ಆದರೆ ಅದೇ ಜೋಡಣೆ ತಿರುಗಿ 'ಕಳ್ಳ ರಾಮ' ಎಂದಾದರೆ ಅದು ಹೇಳಿಕೆಯಲ್ಲ, ವಿಶೇಷಣಸಹಿತ ನಾಮ. 'ರಾಮ ಕಳ್ಳನನ್ನು ಹಿಡಿದ' ಎಂಬಲ್ಲಿ ಎರಡೂ ಪದಗಳು ಅಷ್ಟೇ ಹತ್ತಿರದಲ್ಲಿವೆ. ರಾಮನಿಗೆ ಅಂಟುವುದು ಕೀರ್ತಿಯೇ ಹೊರತು ಕಳಂಕವಲ್ಲ. 'ರಾಮ ಕಳ್ಳನಲ್ಲ' ಎಂಬಲ್ಲಿ ಸಾಮೀಪ್ಯದ ತತ್ತ್ವ ಹೇಳುವುದಕ್ಕೂ ವಾಕ್ಯ ಹೇಳುವುದಕ್ಕೂ ನೇರ ವಿರೋಧ. (ಊರಮಾತಿನಲ್ಲಿ ಇಂಥ ನಿರಾಕರಣೆಯೂ ರಾಮನ ಹೆಸರಿಗೆ ಮಸಿ ಬಳಿಯುತ್ತದೆ ಎಂಬುದು ನಿಜ. ಆ ಮಟ್ಟಿಗೆ ಮೌರರ್ ಗೆದ್ದರೆನ್ನಬಹುದು. ಆದರೆ ಅದು ವದಂತಿಯ ಸಿದ್ಧಾಂತ, ವಾಕ್ಯಾರ್ಥದ್ದಲ್ಲ.) ವಿಭಕ್ತಿ ಪ್ರತ್ಯಯ ಮತ್ತು ನಿಷೇಧರೂಪಗಳು ಮಾಡುವ ಕೆಲಸಕ್ಕೆ ಈ ಸಿದ್ಧಾಂತದಲ್ಲಿ ಜಾಗವೇ ಇಲ್ಲ. ಫೋಡರ್ 1965ರಲ್ಲಿ ಒಳಪ್ರತಿಕ್ರಿಯೆ ಅರ್ಥವಾಗಬಲ್ಲದೇ ಎಂದು ಕೇಳಿ ಈ ಎಳೆಯನ್ನು ಖಂಡಿಸಿದರು. ಕ್ರಿಯಾಜನ್ಯ ಎಳೆಗೆ ಚಾಮ್‌ಸ್ಕಿ ಹೇಗೋ ಶಾಸ್ತ್ರೀಯ ಎಳೆಗೆ ಫೋಡರ್ ಹಾಗೆ. ಮೊದಲನೆಯ ವಿಮರ್ಶೆಯನ್ನು ಎಲ್ಲರೂ ಬಲ್ಲರು. ಎರಡನೆಯದನ್ನು ಓದುಪಟ್ಟಿಗಳಲ್ಲಿ ಕಾಣುವುದು ಅಪರೂಪ.

ಹಾಗಾದರೆ ಎರಡೂ ಬಿದ್ದವು, ಗಂಟು ಕಟ್ಟಿದರೆ ನಷ್ಟವೇನು ಎಂದು ಕೇಳಬಹುದು. ನಷ್ಟ ಆನಂತರದ ಕಥೆಯಲ್ಲಿದೆ. ಫೋಡರ್ ಖಂಡಿಸಿದ್ದು ಸಾಮೀಪ್ಯವನ್ನು ನಂಬಿದ ಅನುಬಂಧನವನ್ನು. ಮನೋವಿಜ್ಞಾನವೇ ಅದನ್ನು ಬೇಗನೆ ಕೈಬಿಟ್ಟಿತು. ರೆಸ್ಕಾರ್ಲಾ 1968ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಸದ್ದು ಇರುವಾಗ ವಿದ್ಯುದಾಘಾತ ಬರುವ ಸಂಭಾವ್ಯತೆಯೂ ಸದ್ದು ಇಲ್ಲದಿರುವಾಗ ಬರುವ ಸಂಭಾವ್ಯತೆಯೂ ಒಂದೇ ಆಗಿದ್ದರೆ, ಜೋಡಣೆಗಳೆಷ್ಟಿದ್ದರೂ ಸದ್ದಿಗೆ ಭಯ ಹುಟ್ಟಲಿಲ್ಲ. ಮರುವರ್ಷ ಪ್ರಕಟವಾದ ಕೇಮಿನ್ ಅವರ ಪ್ರಯೋಗಗಳಲ್ಲಿ, ಆಘಾತವನ್ನು ಒಂದು ಸಂಕೇತ ಮೊದಲೇ ಪೂರ್ತಿಯಾಗಿ ಸೂಚಿಸುತ್ತಿದ್ದರೆ, ಅದರ ಜೊತೆ ಸೇರಿಸಿದ ಹೊಸ ಸಂಕೇತವನ್ನು ಪ್ರಾಣಿ ಕಲಿಯಲಿಲ್ಲ. 1972ರ ರೆಸ್ಕಾರ್ಲಾ–ವ್ಯಾಗ್ನರ್ ಸೂತ್ರ ಇವನ್ನೆಲ್ಲ ಒಂದು ಮಾತಿನಲ್ಲಿ ಹಿಡಿಯಿತು: ಕಲಿಕೆ ನಡೆಯುವುದು ನಿರೀಕ್ಷೆ ತಪ್ಪಿದಾಗ. ಬರಬೇಕಾದುದು ಬಾರದಿರುವುದೂ ಇಲ್ಲಿ ಒಂದು ಸಂಗತಿಯೇ.

ಅನ್ವಯ-ವ್ಯತಿರೇಕಗಳನ್ನು ಬಲ್ಲ ಓದುಗರಿಗೆ ಇದು ಅಪರಿಚಿತವೆನಿಸದು. ಮೀಮಾಂಸಕರ ವೃದ್ಧವ್ಯವಹಾರದ ನಿದರ್ಶನದಲ್ಲಿ ಹಿರಿಯರೊಬ್ಬರು ಇನ್ನೊಬ್ಬರಿಗೆ 'ಹಸುವನ್ನು ತಾ' ಎನ್ನುತ್ತಾರೆ, ಬಳಿಕ 'ಹಸುವನ್ನು ಕಟ್ಟು', 'ಕುದುರೆಯನ್ನು ತಾ' ಎನ್ನುತ್ತಾರೆ. ಬದಿಯಲ್ಲಿ ನಿಂತ ಬಾಲಕ ಯಾವ ಪದ ಬಂದಾಗ ಯಾವುದು ಬಂತು, ಯಾವುದು ತೆಗೆದಾಗ ಯಾವುದು ಹೋಯಿತು ಎಂಬುದರಿಂದ ಪದಾರ್ಥವನ್ನು ನಿಶ್ಚಯಿಸುತ್ತಾನೆ. ಅವನು ಮಾತಾಡಿಲ್ಲ, ಅವನಿಗೆ ಯಾರೂ ಏನನ್ನೂ ಕೊಟ್ಟಿಲ್ಲ. ಇದನ್ನು ಅನುಬಂಧನ ಸಿದ್ಧಾಂತದ ಪೂರ್ವರೂಪವೆಂದು ಕೊಂಡಾಡುವುದು ತಪ್ಪಾದೀತು. ಆ ಬಾಲಕ ಅನುಮಾನ ಪ್ರಮಾಣವನ್ನು ಬಳಸುತ್ತಿದ್ದಾನೆ, ಅವನಲ್ಲಿ ತರ್ಕವಿದೆ. ಆದರೆ ಕಲಿಯುವವರ ಪಾತ್ರ ಯಾವುದು ಎಂಬ ಪ್ರಶ್ನೆಯಲ್ಲಿ ಅವನು ನಿಂತಿರುವುದು ಲಿವರಿನ ಬಳಿಯಲ್ಲಲ್ಲ ಎಂಬುದು ಸ್ಪಷ್ಟ.

1996ರಲ್ಲಿ ಸ್ಯಾಫ್ರನ್, ಆಸ್ಲಿನ್ ಮತ್ತು ನ್ಯೂಪೋರ್ಟ್ ಎಂಟು ತಿಂಗಳ ಶಿಶುಗಳಿಗೆ ವಿರಾಮವಿಲ್ಲದ ಕೃತಕ ಅಕ್ಷರಪ್ರವಾಹವನ್ನು ಎರಡು ನಿಮಿಷ ಕೇಳಿಸಿದರು. ಪದದೊಳಗೆ ಒಂದು ಅಕ್ಷರದ ಬಳಿಕ ಮುಂದಿನದು ಬರುವ ಸಂಭಾವ್ಯತೆ 1.0, ಪದಗಳ ಗಡಿಯಲ್ಲಿ 0.33, ಶಿಶುಗಳು ಇದರಿಂದಲೇ ಪದಗಳನ್ನು ಬಿಡಿಸಿಕೊಂಡವು. ಭಾಷಾವಿಜ್ಞಾನಿಗಳು ಇದನ್ನು ಸಾಂಖ್ಯಿಕ ಕಲಿಕೆ ಎಂದು ಸ್ವಾಗತಿಸಿದರು ಅಥವಾ ಪ್ರಶ್ನಿಸಿದರು. ಇದು ಪಾವ್ಲೋವ್ ಅವರ ಎಳೆಯ, ರೆಸ್ಕಾರ್ಲಾ ತಿದ್ದಿದ ರೂಪಕ್ಕೆ ಎಷ್ಟು ಹತ್ತಿರವೆಂದು ಕೇಳಿದವರು ಕಡಿಮೆ. ಇನ್ನೊಂದು ಎಳೆಯೂ ಮರಳಿತು. 2003ರಲ್ಲಿ ಗೋಲ್ಡ್‌ಸ್ಟೀನ್, ಕಿಂಗ್ ಮತ್ತು ವೆಸ್ಟ್, ಸುಮಾರು ಎಂಟು ತಿಂಗಳ ಶಿಶುಗಳ ತಾಯಂದಿರಲ್ಲಿ ಒಂದು ಗುಂಪಿನವರು ಮಗು ಸದ್ದು ಮಾಡಿದ ಕೂಡಲೇ ನಗಬೇಕು, ಹತ್ತಿರ ಸರಿಯಬೇಕು, ಮುಟ್ಟಬೇಕು ಎಂದು ಏರ್ಪಡಿಸಿದರು; ಇನ್ನೊಂದು ಗುಂಪಿನವರು ಅಷ್ಟೇ ಸಲ, ಆದರೆ ಮಗುವಿನ ಸದ್ದಿಗೆ ಸಂಬಂಧವಿಲ್ಲದ ಹೊತ್ತಿನಲ್ಲಿ ಹಾಗೆ ಮಾಡಿದರು. ಮೊದಲ ಗುಂಪಿನ ಶಿಶುಗಳ ತೊದಲಿನಲ್ಲಿ ವ್ಯಂಜನ-ಸ್ವರಗಳ ಹೆಚ್ಚು ಪ್ರೌಢವಾದ ಜೋಡಣೆ ಕಂಡಿತು. ತಾಯಂದಿರ ಸ್ಪಂದನ ಮಾತಿನ ರೂಪದಲ್ಲಿರಲಿಲ್ಲವಾದ್ದರಿಂದ ಇದು ಅನುಕರಣೆಯಲ್ಲ. ಎರಡು ಗುಂಪುಗಳಿಗೂ ಪ್ರೀತಿ ಸಿಕ್ಕಿತು. ಕ್ರಿಯೆಗೆ ಕಟ್ಟಿದ ಪ್ರೀತಿ ಒಂದಕ್ಕೆ ಮಾತ್ರ. ಇದಕ್ಕಿಂತ ಶುದ್ಧವಾದ ಕ್ರಿಯಾಜನ್ಯ ವಿನ್ಯಾಸವನ್ನು ಶಿಶುಗಳ ನಡುವೆ ಕಲ್ಪಿಸುವುದು ಕಷ್ಟ.

ಎರಡನ್ನೂ ಒಂದಾಗಿ ಓದಿದ ತಪ್ಪು ಅತಿ ಹೆಚ್ಚು ಕಾಡಿರುವುದು ನಿಷೇಧಾತ್ಮಕ ಸಾಕ್ಷ್ಯದ ಚರ್ಚೆಯನ್ನು. ಬ್ರೌನ್ ಮತ್ತು ಹ್ಯಾನ್ಲನ್ 1970ರಲ್ಲಿ, ತಾಯಂದಿರು ಮೆಚ್ಚುವುದು ಅಥವಾ ಅಲ್ಲಗಳೆಯುವುದು ಮಗುವಿನ ಮಾತಿನ ಸತ್ಯಾಸತ್ಯವನ್ನೇ ಹೊರತು ಅದರ ವ್ಯಾಕರಣವನ್ನಲ್ಲ ಎಂದು ತೋರಿಸಿದರು. 'ಅನುಬಂಧನದಿಂದ ವ್ಯಾಕರಣ ಬಾರದು' ಎಂಬುದಕ್ಕೆ ಇದನ್ನು ಪುರಾವೆಯಾಗಿ ಕೊಡುವುದು ವಾಡಿಕೆ. ಆದರೆ ಅದು ಮುಟ್ಟುವುದು ಮೆಚ್ಚುಗೆಯೆಂಬ ಫಲವನ್ನು, ಅಂದರೆ ಕ್ರಿಯಾಜನ್ಯ ಎಳೆಯ ಒಂದು ರೂಪವನ್ನು ಮಾತ್ರ. ರ್‍ಯಾಮ್‌ಸ್ಕಾರ್, ಡೈ ಮತ್ತು ಮ್ಯಾಕ್‌ಕಾಲೆ 2013ರಲ್ಲಿ, ಮಕ್ಕಳು ಇಂಗ್ಲಿಷಿನ 'ಮೌಸಸ್' ಎಂಬ ತಪ್ಪು ಬಹುವಚನವನ್ನು ಯಾರೂ ತಿದ್ದದೆಯೇ ಹೇಗೆ ಬಿಡುತ್ತಾರೆಂಬುದನ್ನು ರೆಸ್ಕಾರ್ಲಾ–ವ್ಯಾಗ್ನರ್ ಸೂತ್ರದಿಂದ ವಿವರಿಸಿದರು: ಮಗು ಆ ರೂಪವನ್ನು ನಿರೀಕ್ಷಿಸುತ್ತದೆ, ಕೇಳುವುದು 'ಮೈಸ್' ಎಂದು, ತಪ್ಪಿದ ನಿರೀಕ್ಷೆಯೇ ತಿದ್ದುವ ಕೈ. ಈ ಲೇಖನ ಪ್ರಕಟವಾದುದು ಚಾಮ್‌ಸ್ಕಿ ಅವರ ವಿಮರ್ಶೆ ಬಂದ 'ಲ್ಯಾಂಗ್ವೇಜ್' ಪತ್ರಿಕೆಯಲ್ಲಿಯೇ. ವಿವರಣೆ ಪೂರ್ಣವೆಂದು ನಾವು ಹೇಳುವುದಿಲ್ಲ. ನಿರೀಕ್ಷೆಯನ್ನು ಹೊರುವ ಘಟಕಗಳು ಯಾವುವು, ಏಕವಚನ-ಬಹುವಚನವೆಂಬ ವಿಭಾಗ ಮಗುವಿಗೆ ಎಲ್ಲಿಂದ ಬಂತು ಎಂಬ ಪ್ರಶ್ನೆಗಳು ಹಾಗೆಯೇ ಇವೆ. ಆದರೆ ಬ್ರೌನ್–ಹ್ಯಾನ್ಲನ್ ಅವರ ಸಾಕ್ಷ್ಯ ಈ ವಿವರಣೆಗೆ ಬಾಧಕವಲ್ಲ.

ಕನ್ನಡದಲ್ಲಿ ಎರಡು ಊಹೆಗಳನ್ನು ಎದುರುಬದುರು ನಿಲ್ಲಿಸಿ ನೋಡಬಹುದಾದ ಜಾಗಗಳಿವೆ. 'ಮಾಡು, ನೋಡು, ಓಡು, ಹಾಡು' ಎಂಬ ದೀರ್ಘಸ್ವರದ ಧಾತುಗಳು 'ಮಾಡಿದ, ನೋಡಿದ' ಎಂದಾಗುತ್ತವೆ. 'ಕೊಡು, ಇಡು, ಬಿಡು, ಸುಡು' ಎಂಬ ಹ್ರಸ್ವಸ್ವರದವು 'ಕೊಟ್ಟ, ಇಟ್ಟ' ಎಂದಾಗುತ್ತವೆ. ಮಗುವೊಂದು 'ಕೊಡಿದ' ಎಂದಿತೆನ್ನಿ. ಫಲದಿಂದ ತಿದ್ದುಪಡಿಯಾಗುವುದಾದರೆ, ಮಗು ತಾನೇ ಹೆಚ್ಚಾಗಿ ಆಡುವ, ಆಡಿ ಗೆದ್ದ ಅಥವಾ ಸೋತ ಧಾತುಗಳಲ್ಲಿ ಸರಿಯಾದ ರೂಪ ಮೊದಲು ನೆಲೆಯೂರಬೇಕು. ನಿರೀಕ್ಷೆಯಿಂದ ತಿದ್ದುಪಡಿಯಾಗುವುದಾದರೆ, ಮಗು ಎಂದೂ ಆಡದ, ಬರಿಯ ಕೇಳಿದ 'ನೆಟ್ಟ', 'ತೊಟ್ಟ' ಎಂಬಂಥವೂ 'ಕೊಡಿದ'ವನ್ನು ಕುಗ್ಗಿಸಬೇಕು. ಏಕೆಂದರೆ ಸ್ವರದ ಹ್ರಸ್ವತೆ ಎಂಬ ಸೂಚಕವನ್ನು ಅವೆಲ್ಲವೂ ಹಂಚಿಕೊಂಡಿವೆ. ಈ ಎರಡನ್ನು ಬೇರ್ಪಡಿಸಲು ಮಗುವಿನ ಮಾತಿನ ಪಟ್ಟಿಯೊಂದೇ ಸಾಲದು. ಮಗು ಕೇಳಿದ್ದೇನೆಂಬ ದಾಖಲೆ ಒಂದು ಕಡೆ, ಆಡಿದ ಮಾತಿನ ಬೆನ್ನಿಗೆ ಎಷ್ಟು ಹೊತ್ತಿನೊಳಗೆ ಏನಾಯಿತೆಂಬ ದಾಖಲೆ ಇನ್ನೊಂದು ಕಡೆ ಇರಬೇಕು. ನಗು, ನೋಟ, ಎತ್ತಿಕೊಳ್ಳುವುದು ಮೊದಲಾದ ಮಾತಲ್ಲದ ಸ್ಪಂದನಗಳೂ ಅದರಲ್ಲಿ ಸೇರಬೇಕು.

'ಬೇಡ' ಎಂಬ ಪದವನ್ನೇ ತೆಗೆದುಕೊಳ್ಳೋಣ. ತೆವಳುವ ಮಗು ಅದನ್ನು ಕೇಳುವುದು 'ಮುಟ್ಟಬೇಡ', 'ಹೋಗಬೇಡ' ಎಂದು ಧಾತುವಿಗೆ ಅಂಟಿದ ರೂಪದಲ್ಲಿ. ಕೇಳಿದ ಬೆನ್ನಿಗೆ ಅದರ ಕೈಯನ್ನು ಯಾರೋ ಹಿಂದಕ್ಕೆ ಎಳೆಯುತ್ತಾರೆ. ಆಡುವುದು ಮಾತ್ರ ಬಿಡಿಯಾಗಿ 'ಬೇಡ' ಎಂದು. ಆಡಿದ ಬೆನ್ನಿಗೆ ಬಾಯಿಯ ಬಳಿ ಬಂದ ಚಮಚ ದೂರ ಸರಿಯುತ್ತದೆ. ಕಿವಿಯಲ್ಲಿ ಅದು ನಿಷೇಧ, ಬಾಯಲ್ಲಿ ನಿರಾಕರಣೆ. ಎರಡು ಸಂಬಂಧಗಳಿಂದ ಬಂದ ಈ ಎರಡು ರೂಪಗಳು ಒಂದೇ ಪದವೆಂದು ಮಗುವಿಗೆ ತಿಳಿಯುವುದು ಯಾವಾಗ, ಮತ್ತು ಅದು 'ಕೊಡಬೇಡ' ಎಂದು ಮೊದಲ ಸಲ ಇನ್ನೊಬ್ಬರನ್ನು ತಡೆಯುವುದು ಆ ತಿಳಿವಿನ ನಂತರವೋ ಮುಂಚೆಯೋ ಎಂಬುದನ್ನು, ಮೇಲೆ ಹೇಳಿದ ಎರಡೂ ದಾಖಲೆಗಳು ಒಂದೇ ಮಗುವಿನಿಂದ ದೊರೆತಾಗ ಕೇಳಬಹುದು.